ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಿಸಬೇಕಾ?

ಪ್ರಶ್ನೆ: ನಮ್ಮದು ಬಂಗಾರಪೇಟೆ. ನಮ್ಮ ಚರ್ಚ್ ಸಭೆಯ ಯುವಜನರು ಏಳೆಂಟು ಮಂದಿ ಸೇರಿ ಪ್ರತಿ ಶನಿವಾರ ರಾತ್ರಿ ರೈಲ್ವೆ ಸ್ಟೇಷನ್ ಸುತ್ತ, ಆಮೇಲೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಚಿತ್ರಾನ್ನದ ಪೊಟ್ಟಣ, ನೀರು, ಚಳಿ ಶುರುವಾದ ಮೇಲೆ ಕಂಬಳಿ ಕೊಡುತ್ತಿದ್ದೇವೆ. ಈಗ ನಮ್ಮಲ್ಲೇ ಜಗಳ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಿಸಲೇಬೇಕು, ಇಲ್ಲದಿದ್ದರೆ ನಮಗೂ ಲಯನ್ಸ್ ಕ್ಲಬ್‌ಗೂ ಏನು ವ್ಯತ್ಯಾಸ ಎಂದು ಸಭೆಯ ಹಿರಿಯರೊಬ್ಬರು ಕೇಳುತ್ತಾರೆ. ಕಳೆದ ತಿಂಗಳು ಯಾರೋ ನಮ್ಮ ವಿಡಿಯೋ ಮಾಡಿ 'ಮತಾಂತರ ಮಾಡ್ತಿದ್ದಾರೆ' ಎಂದು ಹಾಕಿದರು. ಕೊಟ್ಟ ಕಂಬಳಿಯನ್ನು ಇಬ್ಬರು ಮಾರಿ ಕುಡಿದರು. ಎಲ್ಲಕ್ಕಿಂತ ಕಷ್ಟ, ಸ್ಟೇಷನ್ ಹೊರಗೆ ಇರುವ ಒಬ್ಬ ಮನುಷ್ಯ. ನಲವತ್ತೈದು ವಯಸ್ಸಿರಬಹುದು. ಜಡೆಗಟ್ಟಿದ ಕೂದಲು, ಒಬ್ಬನೇ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಾನೆ, ಕಾಲಿನಲ್ಲಿ ವಾಸನೆ ಬರುವ ಗಾಯ. ಹತ್ತಿರ ಹೋದರೆ ಬೈಯುತ್ತಾನೆ. ಅವನನ್ನು ಸಭೆಯ ಹಾಲ್‌ನಲ್ಲಿ ಇಟ್ಟುಕೊಳ್ಳೋಣ ಎಂದು ಕೆಲವರು, ಬೆಂಗಳೂರಿನ ಹತ್ತಿರದ ಒಂದು ಆಶ್ರಮಕ್ಕೆ ಸೇರಿಸೋಣ ಎಂದು ಕೆಲವರು ಹೇಳುತ್ತಿದ್ದಾರೆ. ನಾವು ಮಾಡುತ್ತಿರುವುದು ಸರಿಯಾ? ಮುಂದೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ಎಲ್ಲದರ ಹಿಂದೆ ಇರುವ ಅಳುಕು ಒಂದೇ ಅನ್ನಿಸಿತು. ಒಳ್ಳೆಯದು ಮಾಡಲು ಹೋಗಿ ಯಾರಿಗಾದರೂ ತೊಂದರೆ ಮಾಡಿಬಿಡುತ್ತೇವಾ, ಇಲ್ಲ ನಾವೇ ತೊಂದರೆಗೆ ಸಿಕ್ಕಿಕೊಳ್ಳುತ್ತೇವಾ ಅಂತ. ಅಲ್ವಾ?

ನಾನು ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ. ಬೀದಿಯಿಂದ ವಾರ್ಡಿಗೆ ಬರುವವರ ಜೊತೆಗೇ ನನ್ನ ಕೆಲಸ. ಚರ್ಚಿನವರು, ಮಸೀದಿಯವರು, ಸಾಯಿ ಭಕ್ತರು, ಅಭಿಮಾನಿ ಸಂಘದವರು ಕರೆತಂದವರನ್ನು ನೋಡಿದ್ದೇನೆ. ಕರೆತಂದು ಗೇಟಿನಲ್ಲಿ ಬಿಟ್ಟು ಹೋದವರನ್ನೂ ನೋಡಿದ್ದೇನೆ. ಅದರಿಂದ ನನಗೆ ಗಟ್ಟಿಯಾಗಿರುವ ಒಂದು ಮಾತು ಹೇಳುತ್ತೇನೆ. ಊಟ, ಪ್ರಾರ್ಥನೆ, ಫೋಟೊ, ಕಟಿಂಗು, ಆಸ್ಪತ್ರೆ, ಆಶ್ರಮ, ಯಾವುದೇ ಆಗಲಿ, ಮೊದಲು ಆ ಮನುಷ್ಯನನ್ನೇ ಕೇಳಬೇಕು. ಅವರು 'ಬೇಡ' ಅಂದರೂ ಅವರಿಗೆ ಏನೂ ಕಡಿಮೆಯಾಗಬಾರದು.

ಕಾನೂನಿನ ವಿಷಯ ಮೊದಲು ಮುಗಿಸಿಬಿಡೋಣ. ಹಸಿದವರಿಗೆ ಊಟ ಕೊಡುವುದು ಅಪರಾಧ ಅಲ್ಲ. ಚರ್ಚಿನವರು ಕೊಟ್ಟರೂ ಅಲ್ಲ. ತೊಂದರೆ ಇರುವುದು ಊಟದ ಜೊತೆ ಷರತ್ತು ಸೇರಿದಾಗ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಅಂದರೆ ಜನ ಮತಾಂತರ ನಿಷೇಧ ಕಾಯ್ದೆ ಅನ್ನುವುದು, ಬಲವಂತ ಮತ್ತು ಮೋಸದ ಜೊತೆಗೆ 'ಆಮಿಷ'ವನ್ನೂ ಸೇರಿಸುತ್ತದೆ. ಹಣ, ವಸ್ತು, ಉಡುಗೊರೆ, ಉದ್ಯೋಗದ ಮಾತು, ಎಲ್ಲ ಅದರೊಳಗೆ ಬರುತ್ತವೆ. ಸಾಮಾನ್ಯವಾಗಿ ಶಿಕ್ಷೆ 3ರಿಂದ 5 ವರ್ಷ. ಎದುರಿಗಿರುವವರು ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಲ್ಲವೇ ಬುದ್ಧಿ ಸ್ಥಿಮಿತದಲ್ಲಿಲ್ಲದವರು ಆಗಿದ್ದರೆ 10 ವರ್ಷದವರೆಗೆ ಹೋಗಬಹುದು. ನೀವು ಶನಿವಾರ ರಾತ್ರಿ ಭೇಟಿಯಾಗುವವರಲ್ಲಿ ಹೆಚ್ಚಿನವರು ಈ ಎರಡನೇ ಪಟ್ಟಿಯಲ್ಲೇ ಇರುತ್ತಾರೆ ಎಂಬುದು ನೆನಪಿರಲಿ. ಈ ಕಾಯ್ದೆಯನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನ ಮಾಡಿತು. ಅದನ್ನು ಕೇಳಿ ಹಲವರು 'ಅದು ಹೋಯ್ತಲ್ಲ' ಅಂದುಕೊಂಡಿದ್ದಾರೆ. ಸಂಪುಟದ ತೀರ್ಮಾನ ಬೇರೆ, ಸದನದಲ್ಲಿ ರದ್ದಾಗುವುದು ಬೇರೆ. ನೀವು ಕೆಲಸ ಮಾಡುವ ದಿನಕ್ಕೆ ಏನು ಜಾರಿಯಲ್ಲಿದೆ ಎಂದು ಒಬ್ಬ ವಕೀಲರನ್ನು ಕೇಳಿಟ್ಟುಕೊಳ್ಳಿ. ಇನ್ನು, ತನ್ನ ಧರ್ಮವನ್ನು ಸಾರುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ, ನಿಜ. ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ.

ಸರಿ, ಕಾನೂನು ಇಲ್ಲವೇ ಇಲ್ಲ ಅಂದುಕೊಳ್ಳಿ. ಆಗಲೂ ಊಟಕ್ಕೆ ಮುಂಚೆ ಪ್ರಾರ್ಥನೆ ಬೇಡ ಅಂತಲೇ ನಾನು ಹೇಳುತ್ತೇನೆ. ಕಾರಣ ತುಂಬಾ ಸರಳ. ಪೊಟ್ಟಣ ನಿಮ್ಮ ಕೈಯಲ್ಲಿದೆ, ಹಸಿವು ಅವರ ಹೊಟ್ಟೆಯಲ್ಲಿದೆ. ಆ ಹೊತ್ತಿನಲ್ಲಿ 'ಪ್ರಾರ್ಥನೆ ಮಾಡೋಣ್ವಾ' ಎಂದು ಕೇಳಿದರೆ ಯಾರು ಬೇಡ ಅಂತಾರೆ? ನನ್ನ ಬಳಿ ಬರುತ್ತಿದ್ದ ಒಬ್ಬ ಅಜ್ಜಿ ಒಂದು ಕಡೆ ಕಣ್ಣು ಮುಚ್ಚಿ ಆಮೆನ್ ಅನ್ನುತ್ತಿದ್ದರು, ಇನ್ನೊಂದು ಕಡೆ ಭಜನೆಗೆ ಚಪ್ಪಾಳೆ ತಟ್ಟುತ್ತಿದ್ದರು, ಶುಕ್ರವಾರ ತಲೆ ಮೇಲೆ ಸೆರಗು ಹೊದ್ದು ದರ್ಗಾದ ಹತ್ತಿರ ಕೂರುತ್ತಿದ್ದರು. 'ಏನ್ ಮಾಡ್ಲಿ ತಾಯಿ, ಅನ್ನ ಹಾಕೋರ ಮನಸ್ಸು ನೋಯಿಸಬಾರ್ದಲ್ವಾ' ಅಂದರು. ಅವರನ್ನು ನಾನು ತಪ್ಪು ಅನ್ನಲಾರೆ. ಆದರೆ ಆ ಆಮೆನ್ ಅನ್ನು ನಿಮ್ಮ ಹಿರಿಯರು ಲೆಕ್ಕಕ್ಕೆ ಹಿಡಿದರೆ ಮೋಸ ಹೋಗುವವರು ಅವರೇ.

ಇದು ಇವತ್ತಿನ ಜಗಳವೂ ಅಲ್ಲ. ಐರ್ಲೆಂಡಿನಲ್ಲಿ 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭಾರಿ ಬರ ಬಂತು. ಕ್ಯಾಥೊಲಿಕ್ ಬಡವರಿಗೆ ಗಂಜಿ ಕೊಟ್ಟು ಪ್ರೊಟೆಸ್ಟೆಂಟ್ ಆಗಿ ಎಂದ ಕೆಲವು ಸಂಘಗಳು ಆಗ ಇದ್ದವು. ಗಮನಿಸಿ, ಎರಡೂ ಕಡೆ ಕ್ರೈಸ್ತರೇ. ಆ ಗಂಜಿ ಕುಡಿದ ಮನೆತನಗಳನ್ನು ಊರಿನವರು ತಲೆಮಾರುಗಳವರೆಗೆ ಆಡಿಕೊಂಡರು. ಅದೇ ಬರದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರೂ ಗಂಜಿ ಕೇಂದ್ರ ನಡೆಸಿದರು. ಏನೂ ಕೇಳಲಿಲ್ಲ. ಅವರ ಹೆಸರನ್ನು ಐರಿಷ್ ಜನ ಇವತ್ತಿಗೂ ಗೌರವದಿಂದ ಹೇಳುತ್ತಾರೆ. ನಮ್ಮ ಕೋಲಾರಕ್ಕೂ ಇಂಥ ನೆನಪಿದೆ. 1876-78ರ ಧಾತು-ಈಶ್ವರ ಬರದಲ್ಲಿ ಅನಾಥರಾದ ಮಕ್ಕಳಿಗಾಗಿ ಮಿಷನರಿಗಳು ಇಲ್ಲಿ ಅನಾಥಾಲಯ ತೆರೆದರು. ಅದನ್ನು ಒಬ್ಬರು ಉಪಕಾರ ಅನ್ನುತ್ತಾರೆ, ಇನ್ನೊಬ್ಬರು ಬೇರೆ ಮಾತು ಆಡುತ್ತಾರೆ. ಬರದ ಕಾಲದಲ್ಲಿ ಕೊಟ್ಟ ಅನ್ನದ ಮೇಲೆ ನೂರೈವತ್ತು ವರ್ಷ ಕಳೆದರೂ ಚರ್ಚೆ ಮುಗಿಯುವುದಿಲ್ಲ.

ನಿಮ್ಮ ಹಿರಿಯರಿಗೆ ಅವರದೇ ಮಾತಿನಲ್ಲಿ ಹೇಳಬೇಕೆಂದರೆ ಸಾಲ್ವೇಶನ್ ಆರ್ಮಿಯ ವಿಷಯ ತೆಗೆಯಿರಿ. ವಿಲಿಯಂ ಬೂತ್ 1865ರಲ್ಲಿ ಲಂಡನ್ನಿನ ಬಡ ಪೂರ್ವಭಾಗದಲ್ಲಿ ಶುರು ಮಾಡಿದ ಕೆಲಸ ಅದು. ಅವರು ಸುವಾರ್ತೆ ಸಾರುವುದನ್ನು ಮುಚ್ಚಿಟ್ಟವರೇ ಅಲ್ಲ. ಆದರೂ ಅವರ ಕ್ರಮ ಎಂದು ಜನ ಹೇಳುವುದು ಮೊದಲು ಸೂಪು, ಆಮೇಲೆ ಸೋಪು, ರಕ್ಷಣೆಯ ಮಾತು ಕೊನೆಗೆ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಬೈಬಲಿನ ಬಾರ್ತಿಮಾಯ ಇದ್ದಾನಲ್ಲ. ಕುರುಡ, ದಾರಿ ಬದಿಯ ಭಿಕ್ಷುಕ. ಅವನಿಗೆ ಏನು ಬೇಕು ಎಂಬುದು ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಯೇಸು ಮೊದಲು ಕೇಳಿದ್ದು, ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ ಅಂತ. ಇದನ್ನು ಹಿರಿಯರು ಬೇಡ ಅನ್ನಲಾರರು.

ಹಾಗಾದರೆ ಪ್ರಾರ್ಥನೆಯೇ ಬೇಡವಾ? ಹಾಗಲ್ಲ. ಹೊರಡುವ ಮುಂಚೆ ಸಭೆಯಲ್ಲಿ ನೀವು ಮಾಡಿಕೊಳ್ಳಿ. ಊಟ ಆದ ಮೇಲೆ ಯಾರಾದರೂ ತಾವಾಗಿ 'ನನಗೋಸ್ಕರ ಪ್ರಾರ್ಥನೆ ಮಾಡಿ' ಅಂದರೆ ಅಲ್ಲೇ ಕೂತು ಮೆಲ್ಲಗೆ ಮಾಡಿ. ಎಷ್ಟೋ ಜನ ಕೇಳುತ್ತಾರೆ, ಅದು ಅವರ ಹಕ್ಕು. ಬುದ್ಧಿ ಸ್ಥಿಮಿತ ತಪ್ಪಿದವರ ಜೊತೆ ಮಾತ್ರ ಧರ್ಮದ ಮಾತೇ ಬೇಡ. ಕರಪತ್ರವನ್ನು ಪೊಟ್ಟಣದ ಜೊತೆ ಇಡಬೇಡಿ. ಹೇಗಿದ್ದರೂ ಚಿತ್ರಾನ್ನದ ಎಣ್ಣೆ ಹಿಡಿದು ಯಾರೂ ಓದುವುದಿಲ್ಲ. ಯಾರ ಜಾತಿ ಧರ್ಮವನ್ನೂ ಬರೆದುಕೊಳ್ಳಬೇಡಿ. ನಿಮ್ಮವರೂ ವಿಡಿಯೋ ಮಾಡುವುದು ನಿಲ್ಲಿಸಲಿ. 'ಅವರು ನಮ್ಮ ವಿಡಿಯೋ ಹಾಕಿದರು' ಎಂದು ಬರೆದಿದ್ದೀರಿ. ನೀವು ಸಭೆಯ ಗ್ರೂಪಿನಲ್ಲಿ ಆ ಜನರ ಮುಖ ಹಾಕಿಲ್ಲ ತಾನೇ? ಸ್ಟೇಷನ್ ಆವರಣ ರೈಲ್ವೆಯದು. ಸ್ಟೇಷನ್ ಮಾಸ್ಟರ್‌ಗೂ ಆರ್‌ಪಿಎಫ್‌ನವರಿಗೂ ಒಂದು ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ. ಊರಿನ ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ. ಸಾಧ್ಯವಾದರೆ ಬೇರೆ ಧರ್ಮದ ಗೆಳೆಯರನ್ನೂ ಕರೆದುಕೊಂಡು ಹೋಗಿ. ವಿಡಿಯೋ ಮಾಡುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಕಂಬಳಿ ವಿಷಯಕ್ಕೆ ಬರೋಣ. ಮಾರಿ ಕುಡಿದರು ಎಂದು ನಿಮಗೆ ಬೇಜಾರು. ಆದರೆ ಬೆಳಗ್ಗೆ ಐದಕ್ಕೆ ಎಬ್ಬಿಸಿ ಓಡಿಸಿದ ಮೇಲೆ ಆ ದಪ್ಪ ಕಂಬಳಿಯನ್ನು ಅವರು ದಿನವಿಡೀ ಎಲ್ಲಿ ಇಡಬೇಕು? ಬೀಗ ಹಾಕುವ ಜಾಗ ಇಲ್ಲ. ಬಚ್ಚಿಟ್ಟರೆ ಕಸದವರು ಎತ್ತಿಕೊಂಡು ಹೋಗುತ್ತಾರೆ, ಇಲ್ಲ ಇನ್ನೊಬ್ಬ ಕದಿಯುತ್ತಾನೆ. ಹೊಸ ಕಂಬಳಿಗೆ ಬೆಲೆ ಇದೆ, ಹಳೆಯ ಸ್ವೆಟರ್‌ಗೆ ಇಲ್ಲ. ಹಾಗಾಗಿ ಮೈಮೇಲೆ ಹಾಕಿಕೊಂಡೇ ಓಡಾಡಬಹುದಾದ ಸ್ವೆಟರು, ಮಂಕಿ ಕ್ಯಾಪು, ಕಾಲುಚೀಲ ಕೊಡಿ. ಕುಡಿದರೆ ಚಳಿ ಹೋಗುತ್ತದೆ ಎಂಬುದು ಮಾತ್ರ ಶುದ್ಧ ಸುಳ್ಳು. ಕುಡಿದಾಗ ಚರ್ಮ ಬೆಚ್ಚಗಾದಂತೆ ಅನ್ನಿಸುತ್ತದೆ, ಒಳಗಿನ ಶಾಖ ಇನ್ನೂ ಬೇಗ ಹೊರಗೆ ಹೋಗುತ್ತದೆ. ಚಳಿಯ ರಾತ್ರಿ ಕುಡಿದು ಬಯಲಲ್ಲಿ ಮಲಗಿದವರನ್ನು ಕಂಡರೆ ಅಲ್ಲಾಡಿಸಿ ಎಬ್ಬಿಸಿ ನೋಡಿ. ಏಳದಿದ್ದರೆ 108ಕ್ಕೆ ಕರೆ ಮಾಡಿ.

ಇನ್ನೊಂದು ತಪ್ಪು ತಿಳಿವಳಿಕೆ, ಬೀದಿಯಲ್ಲಿ ಮಲಗುವವರೆಲ್ಲ ಒಂದೇ ಬಗೆಯವರು, ಎಲ್ಲರೂ ಭಿಕ್ಷುಕರು ಎಂಬುದು. ಟೊಮೆಟೊ ಸೀಸನ್ನಿನಲ್ಲಿ ಕೋಲಾರ ಎಪಿಎಂಸಿಯಲ್ಲಿ ಕ್ರೇಟುಗಳ ಪಕ್ಕ ಮಲಗುವ ಹಮಾಲಿಗೆ ಊರಿನಲ್ಲಿ ಮನೆ ಇದೆ, ಹೆಂಡತಿ ಮಕ್ಕಳಿದ್ದಾರೆ. ಅವನಿಗೆ ಬೇಕಾಗಿರುವುದು ಸ್ನಾನಕ್ಕೆ ನೀರು, ದುಡ್ಡು ಇಡಲು ಒಂದು ಜಾಗ. ಚಿತ್ರಾನ್ನ ಅಲ್ಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ ಮೇಲೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ಬರುವವರ ಬದುಕು ನಿಮಗೇ ಗೊತ್ತು. ಅಂಥವರಲ್ಲಿ ಒಬ್ಬನಿಗೆ ಸೊಂಟ ಮುರಿದು ಕೂಲಿ ನಿಂತು, ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಪ್ಲಾಟ್‌ಫಾರಂ ದೂರ ಇರುವುದಿಲ್ಲ. ಇನ್ನೊಬ್ಬರಿಗೆ ಕುಡಿತ, ಇನ್ನೊಬ್ಬರಿಗೆ ಮಗ ಮನೆ ಬರೆಸಿಕೊಂಡು ಹೊರಗೆ ಹಾಕಿದ್ದು. ಮಾನಸಿಕ ಕಾಯಿಲೆ ಇರುವವರು ಯಾವುದೋ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದುಬಿಡುತ್ತಾರೆ. ಚೆನ್ನೈ-ಬೆಂಗಳೂರು ದಾರಿಯ ಜಂಕ್ಷನ್ ಅಲ್ವಾ, ತಮಿಳು, ತೆಲುಗು, ಹಿಂದಿ, ಎಲ್ಲ ಭಾಷೆಯವರೂ ಸಿಗುತ್ತಾರೆ. ನಿಮ್ಮ ತಂಡದಲ್ಲಿ ಈ ಭಾಷೆ ಬಲ್ಲವರಿದ್ದರೆ ಅದು ಪೊಟ್ಟಣಕ್ಕಿಂತ ದೊಡ್ಡ ಸಹಾಯ.

ಭಿಕ್ಷಾಟನೆ ನಿಷೇಧ ಕಾಯ್ದೆ ನಮ್ಮ ರಾಜ್ಯದಲ್ಲಿ 1975ರಿಂದ ಇದೆ. ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುವ ಕಾನೂನು ಅದು. ಅದಕ್ಕೆಂದೇ ನಿಮ್ಮ ಮನೆ ಕಂದಾಯದ ಜೊತೆ ನೂರಕ್ಕೆ 3ರಂತೆ ಭಿಕ್ಷುಕರ ಕರ ಕಟ್ಟಿಸಿಕೊಳ್ಳುತ್ತಾರೆ, ರಸೀದಿ ತೆಗೆದು ನೋಡಿ. ಸುಮ್ನೆ ಮಲಗಿರುವುದು ಭಿಕ್ಷಾಟನೆ ಅಲ್ಲ. ನಗರದ ವಸತಿರಹಿತರಿಗೆ ಆಶ್ರಯ ಕೇಂದ್ರದ ಯೋಜನೆ ಬೇರೆಯೇ ಇದೆ. ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿ ತಂಗುವಷ್ಟು ಜಾಗ ಎಂಬುದು ಅದರ ಲೆಕ್ಕ. ಬಂಗಾರಪೇಟೆಯಂಥ ಸಣ್ಣ ಊರು ಈ ಲೆಕ್ಕದಲ್ಲಿ ಜಾರಿಹೋಗುತ್ತದೆ. ಕೋಲಾರ ನಗರಸಭೆಯಲ್ಲಿ ವಿಚಾರಿಸಿ. ಹಗಲು ಇಂದಿರಾ ಕ್ಯಾಂಟೀನ್ ಇದ್ದೇ ಇದೆ, ಹತ್ತು ರೂಪಾಯಿಗೆ ಊಟ. ಶನಿವಾರ ಪ್ರಸಾದ ಹಂಚುವವರು ಜಾಸ್ತಿ, ಉಳಿದದ್ದನ್ನು ನಾಯಿ ತಿನ್ನುತ್ತವೆ. ಮಂಗಳವಾರ, ಬುಧವಾರ ಯಾರೂ ಬರುವುದಿಲ್ಲ. ನಿಮ್ಮ ದಿನ ಬದಲಿಸುವ ಬಗ್ಗೆ ಯೋಚಿಸಿ.

ಈಗ ಆ ಮನುಷ್ಯ. ಇದಕ್ಕೆ ಸ್ವಲ್ಪ ಸಮಯ ಕೊಡುತ್ತೇನೆ.

ಏಳೆಂಟು ಜನ ಒಟ್ಟಿಗೆ ಅವರ ಸುತ್ತ ನಿಂತರೆ ಯಾರಾದರೂ ಬೈಯುತ್ತಾರೆ. ಅವರ ಕಣ್ಣಿಗೆ ಅದು ಗುಂಪು, ಗುಂಪು ಅಂದರೆ ಏಟು. ಇಬ್ಬರೇ ಹೋಗಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜನಾಮ್ ಎಂಬ ವಿದ್ಯಾರ್ಥಿ ಗೆಳೆಯರ ಜೊತೆ ಶುರು ಮಾಡಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಬಡವರನ್ನು ಇಬ್ಬಿಬ್ಬರಾಗಿಯೇ ಭೇಟಿಯಾಗುವ ಪದ್ಧತಿ ಇವತ್ತಿಗೂ ಇಟ್ಟುಕೊಂಡಿದ್ದಾರೆ. ಅದರಲ್ಲಿ ಅರ್ಥ ಇದೆ. ಪ್ರತಿ ಸಲ ಅದೇ ಇಬ್ಬರು, ಅದೇ ಹೊತ್ತು. ಒಬ್ಬರಿಗೆ ತೆಲುಗು ಬರಲಿ. ಎದುರಿಗೆ ನಿಲ್ಲಬೇಡಿ, ಪಕ್ಕದಲ್ಲಿ ನಾಲ್ಕು ಮಾರು ದೂರ ಕೂತುಕೊಳ್ಳಿ. ಎರಡು ಟೀ ತನ್ನಿ. ಒಂದನ್ನು ಅವರ ಕೈಗೆಟುಕುವಲ್ಲಿ ಇಟ್ಟು ಹಿಂದೆ ಸರಿಯಿರಿ, ಇನ್ನೊಂದನ್ನು ನೀವು ಕುಡಿಯಿರಿ. ಕೇಳಿದರೆ ಹೆಸರು ಹೇಳಿ. ಕೇಳದಿದ್ದರೆ ಟೀ ಮುಗಿಸಿ 'ಅನ್ನಾ, ಮಳ್ಳಿ ವಸ್ತಾಂ' (ಅಣ್ಣಾ, ಮತ್ತೆ ಬರ್ತೀವಿ) ಎಂದು ಎದ್ದು ಬನ್ನಿ. ಅವರ ಪಕ್ಕದ ಪ್ಲಾಸ್ಟಿಕ್ ಚೀಲ ನಿಮಗೆ ಕಸ, ಅವರಿಗೆ ಆಸ್ತಿ. ಮುಟ್ಟಬೇಡಿ. ಹಿಡಿದು ಕೂದಲು ಬೋಳಿಸಿ ಸ್ನಾನ ಮಾಡಿಸಿ, ಮುಂಚೆ ಹೀಗಿದ್ದರು ಈಗ ಹೀಗಾದರು ಎಂದು ಹಾಕುವ ವಿಡಿಯೋಗಳಿಗೆ ಲೈಕು ಬರುತ್ತವೆ. ಕಾಯಿಲೆ ಹಾಗೇ ಇರುತ್ತದೆ, ನಂಬಿಕೆ ಮಾತ್ರ ಹೋಗುತ್ತದೆ.

ಆದರೆ ಗಾಯ ಇಷ್ಟು ನಿಧಾನಕ್ಕೆ ಕಾಯುವುದಿಲ್ಲ. ವಾಸನೆ ಬರುತ್ತಿದೆ ಎಂದರೆ ಕೊಳೆಯುತ್ತಿರಬಹುದು, ಹುಳ ಬಿದ್ದಿರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ಸೀಮೆಎಣ್ಣೆ, ಪೆಟ್ರೋಲು, ಫಿನಾಯಿಲ್ ಸುರಿಯುವವರಿದ್ದಾರೆ, ದಯವಿಟ್ಟು ಅದು ಬೇಡ. ಅವರು ಬಿಟ್ಟರೆ ಶುದ್ಧ ನೀರಿನಲ್ಲಿ ತೊಳೆದು ಒಣಗಿದ ಶುಭ್ರ ಬಟ್ಟೆ ಸುತ್ತಿ, ಅಷ್ಟೇ. ಜ್ವರ, ಊತ ಮೇಲಕ್ಕೆ ಹತ್ತುವುದು, ತೂಕಡಿಕೆ ಕಂಡರೆ ಅದೇ ದಿನ 108. ಜೀವಕ್ಕೆ ಅಪಾಯ ಇದ್ದಾಗ ಒಪ್ಪಿಗೆಗೆ ಕಾಯುತ್ತಾ ಕೂರುವಂತಿಲ್ಲ.

ಇಲ್ಲಿ ನಿಮಗೆ ಆಸರೆಯಾಗುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಅದರ ಸೆಕ್ಷನ್ 100ರ ಪ್ರಕಾರ, ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಆ ಠಾಣೆಯ ಅಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯಿಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಗೆ ಮಾನಸಿಕ ಚಿಕಿತ್ಸೆ ಉಚಿತ. ಎಷ್ಟೋ ಪೊಲೀಸರಿಗೇ ಇದು ಗೊತ್ತಿರುವುದಿಲ್ಲ. ಸೆಕ್ಷನ್ ನಂಬರ್ ಬರೆದೇ ಅರ್ಜಿ ಕೊಡಿ, ಜಗಳಕ್ಕೆ ಹೋಗಬೇಡಿ. 'ಸಾರ್, ನಾವೂ ಜೊತೆಗೆ ಬರ್ತೀವಿ' ಅಂದರೆ ಕೆಲಸ ಬೇಗ ಆಗುತ್ತದೆ. ಅದಕ್ಕೆ ಮುಂಚೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಭೇಟಿಯಾಗಿ ಮಾತಾಡಿಟ್ಟುಕೊಳ್ಳಿ. ಸಂದೇಹ ಬಂದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಸಭೆಯ ಹಾಲ್ ಬೇಡ ಅನ್ನಲು ನನಗೆ ಮನಸ್ಸಿಲ್ಲ, ಆದರೂ ಬೇಡ. ರಾತ್ರಿ ಎರಡು ಗಂಟೆಗೆ ಅವರು ಎದ್ದು ಕೂಗಾಡಿದರೆ ಯಾರು ಇರುತ್ತೀರಿ? ಬೀಗ ಹಾಕಿದರೆ ಅದು ಕೂಡಿಹಾಕಿದಂತೆ. ಕುಡಿತದವರಿಗಂತೂ ಇದು ಇನ್ನೂ ಅಪಾಯ. ವರ್ಷಗಟ್ಟಲೆ ದಿನಾ ಕುಡಿದವರನ್ನು ಪ್ರಾರ್ಥನೆಗೆಂದು ಕೂರಿಸಿ ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ಕೈ ನಡುಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಾಣಿಸುವುದು, ಬಡಬಡಿಸುವುದು. ಅದನ್ನು ದೆವ್ವ ಎಂದು ಇನ್ನಷ್ಟು ಜೋರಾಗಿ ಪ್ರಾರ್ಥನೆ ಮಾಡಿದ ಕಡೆಗಳಿಂದ ನಮ್ಮ ವಾರ್ಡಿಗೆ ಜನ ಬಂದಿದ್ದಾರೆ. ಜೀವ ಹೋಗುವ ಸ್ಥಿತಿ ಅದು. ಔಷಧಿ ಕೊಟ್ಟೇ ಇಳಿಸಬೇಕು.

ಆಶ್ರಮದ ಬಗ್ಗೆ. ಒಳ್ಳೆಯವು ಇವೆ. ಚೆನ್ನೈನಲ್ಲಿ 1993ರಿಂದ ಬೀದಿಯ ಮಾನಸಿಕ ರೋಗಿಗಳಿಗಾಗಿ ಕೆಲಸ ಮಾಡುತ್ತಿರುವ ದಿ ಬ್ಯಾನಿಯನ್ ಇದೆ. ಇದೇ ಕೆಲಸಕ್ಕೆ ಡಾ. ಭರತ್ ವಾಟ್ವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಸಂಸ್ಥೆ ಚಿಕಿತ್ಸೆ ಕೊಟ್ಟು ಊರಿಗೆ ತಲುಪಿಸುತ್ತದೆ, ಇಟ್ಟುಕೊಂಡೇ ಇರುವುದಿಲ್ಲ. ಇನ್ನೊಂದು ಕಡೆ ತಮಿಳುನಾಡಿನ ಏರ್ವಾಡಿ ಇದೆ. 2001ರ ಆಗಸ್ಟ್ 6ರಂದು ಅಲ್ಲಿ ಒಂದು ಖಾಸಗಿ ಮನೆಗೆ ಬೆಂಕಿ ಬಿದ್ದಾಗ ಸರಪಳಿ ಹಾಕಿ ಕಟ್ಟಿದ್ದ 28 ಮಂದಿ ಸತ್ತರು. ಈಗ ಸರಪಳಿ ಹಾಕುವುದು ಕಾನೂನಿನಲ್ಲಿ ನಿಷೇಧ. ಮಾನಸಿಕ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಯಾವ ಜಾಗಕ್ಕೂ ನೋಂದಣಿ ಬೇಕು, ಅದನ್ನು ಪಾಸ್ಟರ್ ನಡೆಸಲಿ, ಸ್ವಾಮೀಜಿ ನಡೆಸಲಿ. ಹೇಳದೆ ಒಂದು ಮಧ್ಯಾಹ್ನ ಹೋಗಿ ನೋಡಿ. ನೋಂದಣಿ ಪತ್ರ ತೋರಿಸುತ್ತಾರಾ, ಮನೋವೈದ್ಯರು ಯಾವತ್ತು ಬರುತ್ತಾರೆ, ಅಲ್ಲಿಂದ ಮನೆಗೆ ಹೋದವರು ಯಾರಾದರೂ ಇದ್ದಾರಾ, ಕೇಳಿ. ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ ಹಿಂದೆ ಬನ್ನಿ.

ಮಕ್ಕಳು ಕಂಡರೆ ನಿಮ್ಮ ಯಾವ ಯೋಜನೆಯೂ ಬೇಡ, ಕೂಡಲೇ ಮಕ್ಕಳ ಸಹಾಯವಾಣಿ 1098. ಒಂಟಿ ಮಗು ಸಿಕ್ಕಿದ್ದನ್ನು 24 ಗಂಟೆಯೊಳಗೆ ತಿಳಿಸದಿರುವುದೇ ಅಪರಾಧ. ಹೆಂಗಸರ ಹತ್ತಿರ ನಿಮ್ಮ ತಂಡದ ಹೆಣ್ಣುಮಕ್ಕಳೇ ಹೋಗಲಿ, ಮಹಿಳಾ ಸಹಾಯವಾಣಿಯ 181 ನಂಬರ್ ಇರಲಿ. ಅವರ ಮನೆಯವರಿಗೆ ಫೋನ್ ಮಾಡುವ ಮುಂಚೆ ಅವರನ್ನು ಕೇಳಿ. ಆ ಮನೆಯಿಂದಲೇ ತಪ್ಪಿಸಿಕೊಂಡು ಬಂದಿರಬಹುದು.

ಆಸ್ಪತ್ರೆಗೆ ಸೇರಿಸಿದ ಮೇಲೆ ನಿಮ್ಮ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಾವು ಒದ್ದಾಡುವುದು ಅಲ್ಲಿಂದಲೇ. ಔಷಧಿ ಹಿಡಿಯಲು ಕೆಲವು ವಾರ ಬೇಕು. ಆಮೇಲೆ ಮೆಲ್ಲಗೆ ಊರಿನ ಮಾತು ಬರುತ್ತದೆ. ಜಿಲ್ಲೆ ಯಾವುದು ಎಂದರೆ ಹೇಳಲಾರರು. ಸಂತೆ ಯಾವ ದಿನ, ಊರಿನ ದೇವಸ್ಥಾನ ಯಾವುದು, ಬಸ್ಸು ಎಲ್ಲಿಂದ ಹತ್ತಬೇಕು ಎಂದರೆ ಹೇಳುತ್ತಾರೆ. ತೆಲುಗಿನಲ್ಲಿ ಕೂತು ಕೇಳಿಸಿಕೊಳ್ಳುವ ಒಬ್ಬರು ವಾರಕ್ಕೆ ಎರಡು ಸಲ ವಾರ್ಡಿಗೆ ಬಂದರೆ ನಮ್ಮ ಅರ್ಧ ಕೆಲಸ ಆದಂತೆ. ಊರು ಸಿಕ್ಕಿದ ಮೇಲೂ ಅವರು ಹೋಗಲು ಒಪ್ಪಬೇಕು, ಮನೆಯವರು ಕರೆದುಕೊಳ್ಳಲು ಒಪ್ಪಬೇಕು. ಎರಡೂ ಆಗದಿದ್ದರೆ ಎಲ್ಲಿ ಇರುತ್ತಾರೆ ಎಂಬುದನ್ನು ಡಿಸ್ಚಾರ್ಜ್ ದಿನ ಬರುವ ಮುಂಚೆಯೇ ನಮ್ಮಂಥವರ ಜೊತೆ ಕೂತು ತೀರ್ಮಾನಿಸಿ. ಮನೆಗೆ ಹೋದರೂ ಸರಿ, ಇಲ್ಲೇ ಉಳಿದರೂ ಸರಿ, ಮಾತ್ರೆ ನಿಲ್ಲಿಸಿದರೆ ಬಹುಪಾಲು ಕಾಯಿಲೆ ಮರಳುತ್ತದೆ. ಕೊಟ್ಟ ಮಾತ್ರೆ ಯಾವ ದಿನ ಮುಗಿಯುತ್ತದೆ, ಮುಂದಿನದನ್ನು ಯಾರು ತರುತ್ತಾರೆ ಎಂಬುದನ್ನು ನಿಮ್ಮಲ್ಲೊಬ್ಬರ ಹೆಸರಿಗೆ ಬರೆದಿಡಿ.